ಕುಲುಮೆಯ ಕಿಟ್ಟ, ಪೂರ್ವಿಕರ ಗದ್ದೆ

ಯಮ್ ಗಿಲ್ಸುನ್‌ಳನ್ನು ಅಕ್ಕಿ ಗಿರಣಿಯವನ ಕಣ್ಣಿನಿಂದ ಅಳೆದರೆ (ನನ್ನದು ಅದೇ ಕಸುಬು, ಕಣ್ಣು ಬೇರೆ ಇಲ್ಲ) ಸಿಗುವ ಲೆಕ್ಕ ಇಷ್ಟು. ತೂಕ ನಲವತ್ತೈದು ಕಿಲೋ, ಅದರಲ್ಲಿ ರಬ್ಬರ್ ಬೂಟುಗಳದ್ದೇ ಎರಡು. ಭತ್ತದ ಎರಡು ಮೂಟೆಗಳನ್ನು ಒಂದರ ಮೇಲೊಂದು ನೆಟ್ಟಗೆ ನಿಲ್ಲಿಸಿದರೆ ಅವಳ ತಲೆ ಅದಕ್ಕೆ ನಾಲ್ಕು ಬೆರಳು ಕಡಿಮೆ. ಅರವತ್ತೆಂಟು ವರ್ಷದ ಹಳೆ ದಾಸ್ತಾನು, ಆದರೆ ಹುಳ ಬಿದ್ದಿಲ್ಲ. ತೇವ ಕಡಿಮೆ, ಅಂದರೆ ಕಣ್ಣೀರು ಸುಲಭಕ್ಕೆ ಬರುವುದಿಲ್ಲ. ಹೊಟ್ಟು ಸ್ವಲ್ಪ ಹೆಚ್ಚು, ಏಕೆಂದರೆ ಮಾತು ಹೆಚ್ಚು. ಮೊದಲ ನೋಟಕ್ಕೆ ಎರಡನೇ ದರ್ಜೆ ಎಂದು ಬದಿಗೆ ಸರಿಸಬಹುದಾದ ಮಾಲು. ಹಾಗೆ ಸರಿಸಿದವರೆಲ್ಲ ಆಮೇಲೆ ಹುಳ್ಳಗೆ ನಗುತ್ತ ಹಿಂದಿರುಗಿದ್ದನ್ನು ನೋಡಿದ್ದೇನೆ.

ಅವಳ ಊರು ಗಾಲ್ಮೊರಿ, ನನ್ನ ಗಿರಣಿಯಿಂದ ಬಯಲಿನಾಚೆ; ಅಲ್ಲಿ ಅವಳನ್ನು ಗಿಲ್ಸುನ್ ಎಂದು ಕರೆಯುವವರು ಅಂಚೆಯವನು ಮತ್ತು ದಂತವೈದ್ಯರು ಮಾತ್ರ. ಸೊಸೆಯಾಗಿ ಬಂದವಳಿಗೆ ತವರಿನ ಹೆಸರೇ ಹೆಸರು. ಯೇಸಾನ್‌ನಿಂದ ಬಂದ ಇವಳು ನಲವತ್ತನಾಲ್ಕು ವರ್ಷಗಳಿಂದ ಯೇಸಾನ್ ದೇಕ್, ಅಂದರೆ ಯೇಸಾನ್ ಕಡೆಯ ಸೊಸೆ. ಗಂಡ ಮೆಂಗ್ ಕುಲದವನು, ತೀರಿಕೊಂಡು ಬಹಳ ವರ್ಷವಾಯಿತು. ಅವನು ಬಿಟ್ಟುಹೋದದ್ದು ಒಂದು ಹಳೆಯ ದೊಡ್ಡ ಮನೆ, ಒಂದು ಟ್ರ್ಯಾಕ್ಟರ್, ಮತ್ತು ಪೂರ್ವಿಕರ ಗದ್ದೆಯ ಉಸ್ತುವಾರಿ.

ಪೂರ್ವಿಕರ ಗದ್ದೆ ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಮೆಂಗ್ ಕುಲದ್ದು. ಉಳುವವರು ಗೇಣಿ ಕೊಡಬೇಕಿಲ್ಲ. ಬದಲಿಗೆ ಗುಡ್ಡದ ಮೇಲಿನ ಸಮಾಧಿಗಳ ಹುಲ್ಲು ಸವರಬೇಕು. ಚಾಂದ್ರಮಾನದ ಹತ್ತನೇ ತಿಂಗಳಲ್ಲಿ ಕುಲದವರೆಲ್ಲ ಸೇರಿ ಹಿರಿಯರಿಗೆ ಎಡೆ ಇಡುವಾಗ ಅದೇ ಗದ್ದೆಯ ಅಕ್ಕಿಯ ರೊಟ್ಟಿ, ಅದೇ ಅಕ್ಕಿಯ ಹೆಂಡ ಒದಗಿಸಬೇಕು. ನಾಲ್ಕು ಕೊಳಗ ಬೀಜದ ಗದ್ದೆ, ಬಯಲಿನ ತಲೆಯಲ್ಲಿದೆ. ಕಾಲುವೆ ನೀರು ಮೊದಲು ಮುಟ್ಟುವುದೇ ಅದನ್ನು. ಅಲ್ಲಿ ಬೆಳೆಯುವುದು ಹಳೆಯ, ಎತ್ತರದ ತಳಿಯ ಭತ್ತ. ಪೂರ್ವಿಕರ ನಾಲಿಗೆಗೆ ಅದೇ ಹಿತ ಎಂಬುದು ಕುಲದ ನಂಬಿಕೆ. ಪೂರ್ವಿಕರನ್ನು ಯಾರೂ ಕೇಳಿಲ್ಲ.

ಎತ್ತರದ ಭತ್ತಕ್ಕೆ ಒಂದು ಕೆಟ್ಟ ಚಾಳಿ. ತೆನೆ ತುಂಬಿದ ಮೇಲೆ ಗಾಳಿ ಬೀಸಿದರೆ ಹಾಗೇ ಅಡ್ಡಬಿದ್ದುಬಿಡುತ್ತದೆ. ಎರಡು ಶರತ್ಕಾಲ ಸಾಲಾಗಿ ಬಿದ್ದಿತು. ಮೊದಲ ವರ್ಷ ಗಿಲ್ಸುನ್ ಕುಡುಗೋಲು ಹಿಡಿದು ಕುಕ್ಕರುಗಾಲಲ್ಲಿ ಕೂತು ಅರ್ಧ ಉಳಿಸಿಕೊಂಡಳು. ಎರಡನೇ ವರ್ಷ ಮಳೆಯೂ ಜೊತೆಗೂಡಿ ಬಿದ್ದ ತೆನೆಯಲ್ಲೇ ಮೊಳಕೆ ಬಂತು. ಆ ಸಲ ಎಡೆಗೆ ಇಟ್ಟದ್ದು ಪೇಟೆಯಿಂದ ತಂದ ಅಕ್ಕಿಯ ರೊಟ್ಟಿ. ಕುಲದ ಹಿರಿಯರಾದ ಮೆಂಗ್ ಇನ್ಜೆ ಪಟ್ಟಣದಿಂದ ಬಂದಿದ್ದರು. ರೊಟ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡು, ತುಂಬ ಮೃದುವಾಗಿ, ಸೊಸೆಗೂ ವಯಸ್ಸಾಯಿತು, ಸುಮ್ಮನೆ ಶ್ರಮ ಯಾಕೆ ಎಂದರು. ಸ್ಟ್ರಾಬೆರಿ ಬೆಳೆಯುವವರು ಪ್ಲಾಸ್ಟಿಕ್ ಹೊದಿಕೆಯ ಮನೆ ಕಟ್ಟಲು ಜಾಗ ಕೇಳುತ್ತಿದ್ದಾರಂತೆ. ಇನ್ನೊಂದು ಶರತ್ಕಾಲ ನೋಡೋಣ. ಭತ್ತ ಮತ್ತೆ ಮಲಗಿದರೆ ಗದ್ದೆಯನ್ನೂ ಮಲಗಲು ಬಿಡೋಣ ಎಂದರು. ಇನ್ಜೆ ಅವರು ಸಿಟ್ಟಿನಲ್ಲಿ ಹೇಳಿದ್ದನ್ನು ಬದಲಾಯಿಸಬಹುದು, ಮೃದುವಾಗಿ ಹೇಳಿದ್ದನ್ನು ಯಾರೂ ಬದಲಾಯಿಸಿದ್ದಿಲ್ಲ.

ಗಿಲ್ಸುನ್‌ಗೆ ಹೊಟ್ಟೆಪಾಡಿಗೆ ಬೇರೆ ಗದ್ದೆಯಿತ್ತು. ಆದರೆ ಗಂಡನನ್ನು ಮಣ್ಣು ಮಾಡಿದ ಗುಡ್ಡದ ಕೆಳಗೆ ಅವನ ಮುತ್ತಜ್ಜನ ಕಾಲದಿಂದ ಭತ್ತವಾಗುತ್ತಿದ್ದ ಮಣ್ಣು ತನ್ನ ಕೈಯಲ್ಲಿ ಪ್ಲಾಸ್ಟಿಕ್ಕಿನಡಿ ಹೋಗುವುದೆಂದರೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಊರ ಯಜಮಾನಿಕೆ ಯಾರಿಗೂ ಬೇಡವಾಗಿ ಬಿದ್ದಿದ್ದಾಗ, ಸರಿ ಕೊಡಿ ಎಂದು ತಾನೇ ಎತ್ತಿಕೊಂಡಳು. ಯಜಮಾನಿಕೆಯ ಜೊತೆಗೆ ಊರ ಮೈಕು ಬರುತ್ತದೆ, ಕಿಟ್ಟದ ಮೂಟೆಗಳೂ ಬರುತ್ತವೆ. ಅವಳ ಕಣ್ಣಿದ್ದದ್ದು ಮೂಟೆಗಳ ಮೇಲೆ.

ಕೊಲ್ಲಿಯ ಆಚೆ ದಡದಲ್ಲಿ ಉಕ್ಕಿನ ಕಾರ್ಖಾನೆ ಇದೆ. ಕುಲುಮೆಯಲ್ಲಿ ಕಬ್ಬಿಣ ಕರಗಿದಾಗ ಮೇಲೆ ತೇಲುವ ಕಿಟ್ಟವನ್ನು ತಣಿಸಿ, ಅರೆದು, ಚೀಲಕ್ಕೆ ತುಂಬಿ, ಮೂರು ವರ್ಷಕ್ಕೊಮ್ಮೆ ಸರದಿಯ ಮೇಲೆ ಊರೂರಿಗೆ ಪುಕ್ಕಟೆ ಕಳಿಸುತ್ತಾರೆ. ಉಳುವ ಮುಂಚೆ ಗದ್ದೆಗೆ ಎರಚಿದರೆ ಭತ್ತ ಅದರ ಸಾರ ಹೀರಿ ದಂಟು ಗಟ್ಟಿ ಮಾಡಿಕೊಂಡು ನಿಲ್ಲುತ್ತದೆ. ಅಕ್ಕಪಕ್ಕದ ಊರುಗಳಲ್ಲಿ ನಿಂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಗಾಲ್ಮೊರಿಯಲ್ಲಿ ಮಾತ್ರ ಕಿಟ್ಟಕ್ಕೆ ಬೇರೆ ಬೇರೆ ಉದ್ಯೋಗ ಸಿಕ್ಕಿತ್ತು. ಒಬ್ಬರ ಮನೆಯಲ್ಲಿ ಅದು ಕೋಳಿಗೂಡಿನ ಗೋಡೆ, ಇನ್ನೊಬ್ಬರಲ್ಲಿ ಟಾರ್ಪಾಲಿನ ಮೇಲಿನ ಭಾರ. ಊರಬಾಗಿಲ ಝೆಲ್ಕೋವಾ ಮರದಡಿ ಮಳೆ ಕುಡಿದು ಕಲ್ಲಾದ ಮೂಟೆಗಳೇ ಹಿರಿಯರು ಕೂರುವ ಕಟ್ಟೆ. ಪಂಚಾಯಿತಿ ಕಚೇರಿಯಿಂದ ಫೋನು ಬಂದಿತ್ತು: ಈ ಸಲವೂ ಮೂಟೆ ರಸ್ತೆ ಬದಿಯಲ್ಲೇ ಕೂತರೆ ಮುಂದೆ ನಿಮ್ಮೂರಿಗೆ ಸರದಿ ಇಲ್ಲ. ಎರಚುವ ಯಂತ್ರವೂ ಒಂದು ಗದ್ದೆಗೆಂದು ಇಳಿಯುವುದಿಲ್ಲ. ಬಯಲಿನವರೆಲ್ಲ ಒಪ್ಪಿ, ಮೂಟೆ ಬಿಚ್ಚಿ ತುಂಬಿಸಲು ಕೈ ಜೋಡಿಸಿದರೆ ಮಾತ್ರ ಇಳಿಯುತ್ತದೆ.

ಊರಿನವರು ಒಪ್ಪದಿರಲು ಕಾರಣ ಪ್ಯೊ ದಕ್ಬೆ.

ದಕ್ಬೆ ಎಪ್ಪತ್ತಾರರ ಮುದುಕ, ಹಿಂದಿನ ಯಜಮಾನ. ಅವನು ತಲೆಯಾಡಿಸದೆ ಗಾಲ್ಮೊರಿಯಲ್ಲಿ ಬಾತುಕೋಳಿಯೂ ರಸ್ತೆ ದಾಟುವುದಿಲ್ಲ. ಹೋದ ಸಲದ ಸರದಿಯಲ್ಲಿ, ಬೆನ್ನಿಗೆ ಎರಡೆರಡು ಸಲ ಶಿಕ್ಷೆ ಯಾಕೆ ಎಂದು, ಕಿಟ್ಟವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಂದೇ ವಾರದಲ್ಲಿ ಹಾಕಿಸಿದ. ಕಿಟ್ಟ ಸುಣ್ಣದ ಜಾತಿಯದ್ದು. ಗೊಬ್ಬರದ ಜೊತೆ ಬೆರೆತರೆ ಸಾರವನ್ನೆಲ್ಲ ಗಾಳಿಗೆ ಹಾರಿಸಿಬಿಡುತ್ತದೆ. ಇಡೀ ಬಯಲು ಕುದುರೆ ಲಾಯದಂತೆ ನಾತ ಹೊಡೆಯಿತು, ಪೈರು ಬಿಳಿಚಿಕೊಂಡಿತು. ಯಜಮಾನ ತಪ್ಪು ಮಾಡುವುದುಂಟೆ? ಆದ್ದರಿಂದ ತಪ್ಪು ಕಿಟ್ಟದ್ದೇ ಎಂದು ಊರು ತೀರ್ಮಾನಿಸಿತು. ಉಳಿದ ಮೂಟೆಗಳು ರಸ್ತೆ ಬದಿಯಲ್ಲೇ ಕೂತವು, ಅಂದಿನಿಂದ ಅದು ವಿಷ. ಕೂರಲು ಮಾತ್ರ ಅಡ್ಡಿಯಿಲ್ಲ.

ನಮ್ಮ ಕಡೆ ಯಾರೂ ಆಗದು ಎಂದು ಹೇಳುವುದಿಲ್ಲ. ‘ನೋಡಾಣ’ ಎಂದರೆ ಆಗುವುದಿಲ್ಲ ಎಂದರ್ಥ. ‘ಆಗ್ಲಿ ಬಿಡು’ ಎಂದರೆ ಖಂಡಿತ ಆಗುವುದಿಲ್ಲ. ಬೈದರೆ ಮಾತ್ರ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಗಿಲ್ಸುನ್ ಜನವರಿಯಿಡೀ ಮನೆ ಮನೆ ಅಲೆದು ಸಂಪಾದಿಸಿದ್ದು ಬರೀ ‘ನೋಡಾಣ’. ದಕ್ಬೆ ಅಂತೂ ‘ಆಗ್ಲಿ ಬಿಡು’ ಎಂದು ಒಣಗಿಸಿದ ಪರ್ಸಿಮನ್ ಹಣ್ಣು ಕೊಟ್ಟು ಕಳಿಸಿದ್ದ.

ಆಗ ಅವಳಿಗೆ ಹೊಳೆದದ್ದು ಚಾಂದ್ರಮಾನದ ಎರಡನೇ ತಿಂಗಳ ಮೊದಲ ದಿನ. ಹಿಂದೆ ಅದು ಆಳುಗಳ ಹಬ್ಬ. ಉಳುಮೆ ಶುರುವಾಗುವ ಮುಂಚೆ ಧಣಿಗಳು ಸಂಬಳದಾಳುಗಳನ್ನು ಕೂರಿಸಿ, ಅವರವರ ವಯಸ್ಸು ಎಷ್ಟೋ ಅಷ್ಟು ಕಡುಬು ಬಡಿಸಿ, ಹೆಂಡ ಕುಡಿಸಿ, ಇನ್ನು ಗದ್ದೆಗಿಳಿಯಿರಪ್ಪಾ ಎನ್ನುತ್ತಿದ್ದ ದಿನ. ಯೇಸಾನ್‌ನಲ್ಲಿ ಅವಳು ಚಿಕ್ಕವಳಿದ್ದಾಗ, ಪೈನ್ ಎಲೆಯ ಮೇಲೆ ಬೆಂದ, ಕೆಂಪುಕಾಳಿನ ಹೂರಣದ ಆ ಕಡುಬಿನ ಪರಿಮಳ ಬೀದಿ ಕೊನೆಯವರೆಗೆ ಬರುತ್ತಿತ್ತು. ಈಗ ಊರಲ್ಲಿ ಆಳುಗಳೂ ಇಲ್ಲ, ಹಬ್ಬವೂ ಇಲ್ಲ. ಎರಚುವ ಯಂತ್ರವೂ ಆ ದಿನಕ್ಕೇ ನಿಗದಿಯಾಗಿತ್ತು. ಬಾಯಿ ಮಾತಿಗೆ ಬಗ್ಗದವರು ಬಾಯಿ ರುಚಿಗೆ ಬಗ್ಗಿಯಾರು ಎಂದುಕೊಂಡು, ಬೆಳಗ್ಗೆ ಆರಕ್ಕೆ ಊರ ಮೈಕು ಹಾಕಿದಳು.

“ಊರಿನೋರ್ಗೆಲ್ಲ ನಮಸ್ಕಾರ. ನಾನು ಯೇಸಾನ್ ದೇಕು. ಎರಡನೇ ತಿಂಗಳ ಮೊದಲ್ನೇ ದಿನ ಆಳುಗಳ ಹಬ್ಬ. ಮೆಂಗ್ ಮನೆ ಅಂಗಳದಲ್ಲಿ ಕಡುಬು ಬೇಯ್ತದೆ. ಕಿಟ್ಟದ ಮೂಟೆಗೆ ಕೈ ಹಾಕೋಕೆ ಬಂದೋರ್ಗೆ ಹಳೇ ಪದ್ಧತಿ ಪ್ರಕಾರ ವಯಸ್ಸಿಗೆಷ್ಟೋ ಅಷ್ಟು ಕಡುಬು. ಎಂಬತ್ತು ದಾಟಿದೋರು ಪಾತ್ರೆ ತನ್ನಿ.”

ಯಾರಾದರೂ ನಗುತ್ತಾರೆಂದು ಕಾದಳು. ಎದುರು ಮನೆಯ ಕಿಟಕಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು. ಮಧ್ಯಾಹ್ನ ಮರದಡಿಯ ಕಟ್ಟೆಗೆ ಹೋದರೆ ಮುದುಕರೆಲ್ಲ ಒಟ್ಟಿಗೆ ಆಕಾಶದಲ್ಲಿ ಏನೋ ಕಳೆದುಕೊಂಡವರಂತೆ ಮೇಲೆ ನೋಡತೊಡಗಿದರು. ಸಂಜೆ ಸಭೆ ಕರೆದಿದ್ದಳು. ಬಂದದ್ದು ಅವಳು ಮತ್ತು ಸಮುದಾಯ ಭವನದ ಬೆಕ್ಕು.

ಮರುದಿನ ಗಿಲ್ಸುನ್ ಸೋಯಾ ಹುದುಗಿಸುವ ಜಾಡಿಗೆ ಉಪ್ಪುನೀರು ಹೊಯ್ಯುತ್ತಿದ್ದಾಗ ದಕ್ಬೆಯ ಹೆಂಡತಿ ಒಕ್ಪುನ್ ಬಂದಳು. ಜಾಡಿಯೊಳಗೆ ಇಣುಕಿದಳು, ಉಪ್ಪು ಸಾಲದು ಎಂದಳು, ಮೆಣಸಿನಕಾಯಿ ಎಲ್ಲಿ ಎಂದಳು. ಆಮೇಲೆ ಜಾಡಿಯ ಮುಚ್ಚಳವನ್ನೇ ನೋಡುತ್ತ ಕೇಳಿದಳು.

“ಬುದ್ಧಿ ಎಲ್ಲಿಟ್ಟಿದ್ಯೆ ನೀನು?”

“ಯಾಕಕ್ಕಾ, ಏನಾಯ್ತು?”

“ನಮ್ಮೋರು ಹದಿನಾಲ್ಕನೇ ವಯಸ್ಸಲ್ಲಿ ಹದಿನಾಲ್ಕು ಕಡುಬು ತಿಂದಿದ್ದು ಇದೇ ಅಂಗಳದಲ್ಲಿ. ನಿಮ್ಮಾವನ ಮನೆ ಆಳಾಗಿ. ಇಪ್ಪತ್ತಾಗೋವರೆಗೂ ವರ್ಷಕ್ಕೊಂದೊಂದು ಜಾಸ್ತಿ ತಿಂದ್ರು. ಈಗ ನೀನು ಮೈಕಲ್ಲಿ ಕರೆದು ಎಪ್ಪತ್ತಾರು ಕೊಡ್ತೀನಿ ಅಂತೀಯ.”

ಗಿಲ್ಸುನ್‌ಗೆ ಇದು ಗೊತ್ತಿರದ ಸಂಗತಿಯಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಯಾವಾಗಲೋ ಹೇಳಿದ್ದಳು. ಆದರೆ ದಕ್ಬೆ ಗದ್ದೆ ಕೊಂಡ, ಮನೆ ಕಟ್ಟಿದ, ಯಜಮಾನನಾದ. ಊರು ಮರ್ಯಾದೆಯಿಂದ ಆ ಹಳೆಯದನ್ನು ಮರೆತಿತು. ಎಷ್ಟು ಚೆನ್ನಾಗಿ ಮರೆತಿತೆಂದರೆ ಊರಿನ ಜೊತೆ ಅವಳೂ ನಿಜವಾಗಿ ಮರೆತಿದ್ದಳು. ಊರು ಮರೆತಂತೆ ನಟಿಸುತ್ತಿದೆ, ತಾನೊಬ್ಬಳೇ ಮರೆತದ್ದು ಎಂದು ಈಗ ಗೊತ್ತಾಗಿ ಅವಳ ಕಿವಿ ಬಿಸಿಯಾಯಿತು. ಅದೂ ಮೆಂಗ್ ಮನೆ ಅಂಗಳ ಎಂದು ಮೈಕಿನಲ್ಲಿ, ಬಯಲಿನಾಚೆಯ ಊರಿಗೂ ಕೇಳುವಂತೆ.

ಕ್ಷಮೆ ಕೇಳಬೇಕೆಂದು ಮೊದಲು ಅನ್ನಿಸಿತು. ಆದರೆ ಕ್ಷಮೆ ಕೇಳಲು ಬಾಯಿ ತೆರೆದರೆ ಯಾವುದಕ್ಕೆಂದು ಹೇಳಬೇಕು. ಹೇಳಿದರೆ ಇನ್ನೊಮ್ಮೆ ಹೊಡೆದಂತೆ. ಸುಮ್ಮನಿದ್ದರೆ ಯಂತ್ರ ಬಂದು ಖಾಲಿ ಬಯಲು ನೋಡಿ ಹಿಂತಿರುಗುತ್ತದೆ, ಶರತ್ಕಾಲಕ್ಕೆ ಗದ್ದೆಯೂ ಹೋಗುತ್ತದೆ. ಒಕ್ಪುನ್ ಹೋದ ಮೇಲೆ ಉಪ್ಪುನೀರಿಗೆ ಹಾಕಿದ ಮೆಣಸಿನಕಾಯಿಯನ್ನು ಬೆರಳಿನಿಂದ ಒತ್ತುತ್ತ ಬಹಳ ಹೊತ್ತು ನಿಂತಿದ್ದಳು. ಒತ್ತಿದಷ್ಟೂ ಅದು ಮೇಲೆ ಬರುತ್ತಿತ್ತು. ಆಮೇಲೆ ಮುಚ್ಚಳ ಹಾಕಿ, ಬೂಟು ಮೆಟ್ಟಿ, ದಕ್ಬೆಯ ಮನೆಗೆ ನಡೆದಳು.

ಅವನು ಅಂಗಳದಲ್ಲಿ ಗುದ್ದಲಿಗೆ ಹೊಸ ಕಾವು ಹಾಕುತ್ತಿದ್ದ. ಯಾರೋ ಬಂದರೆಂದು ತಿಳಿಯಿತು, ತಲೆ ಎತ್ತಲಿಲ್ಲ. ಗಿಲ್ಸುನ್ ಮೆಟ್ಟಿಲ ಮೇಲೆ ಕೂತು ಚಳಿಯ ಬಗ್ಗೆ ಹೇಳಿದಳು. ಅವನ ಮಂಡಿಯ ಬಗ್ಗೆ ಕೇಳಿದಳು. ಹಸು ಗಬ್ಬವೋ ಎಂದಳು. ಎಲ್ಲಕ್ಕೂ ಹ್ಞೂಂ ಸಿಕ್ಕಿತು. ಗುದ್ದಲಿ ಸಿದ್ಧವಾಗಿ ಇನ್ನು ಬಡಿಯಲು ಏನೂ ಉಳಿಯದಿದ್ದಾಗ ಅವಳು ಅಂದಳು:

“ಕೆಲಸ ಕೇಳೋಕೆ ಬಂದೆ ಯಜಮಾನ್ರೇ.”

“ನಮ್ಮನೇಲಿ ಯಾವ ಕೆಲಸ ಇದೆ.”

“ಆಳಿನ ಕೆಲಸ.”

ದಕ್ಬೆ ಗುದ್ದಲಿಯನ್ನು ಕೆಳಗಿಟ್ಟ.

“ಈ ಸಲ ಆಳು ನಾನು. ಹಬ್ಬ ನಿಮ್ಮ ಅಂಗಳದಲ್ಲಾಗ್ಲಿ, ಕಡುಬು ನಿಮ್ಮನೇದು. ನಂಗೆ ಅರವತ್ತೆಂಟು ಹಾಕ್ಬೇಕು. ನಾನು ಎಣಿಸ್ಕೊಂಡೇ ತಿನ್ನೋಳು.”

ಅವನು ಅವಳ ಮುಖ ನೋಡಿದ. ಅಣಕವೋ ಎಂದು ಹುಡುಕಿದ. ಕೊಟ್ಟಿಗೆಯಲ್ಲಿ ಹಸು ಒಮ್ಮೆ ಕೆಮ್ಮಿತು.

“ಮೆಂಗ್ ಮನೆ ಸೊಸೆ ನನ್ನ ಮನೆ ಆಳು,” ಎಂದ ನಿಧಾನವಾಗಿ. “ಊರು ನಗಲ್ವಾ?”

“ನಗ್ಲಿ. ನಗೋಕೆ ಬಂದೋರ ಕೈಗೂ ಒಂದೊಂದು ಮೂಟೆ ಕೊಡಾಣ.”

ಆಗ ದಕ್ಬೆ ಬೈಯಲು ಶುರುಮಾಡಿದ. ಮೈಕು ಕೈಗೆ ಸಿಕ್ಕಿದ್ದೇ ಸಿಕ್ಕಿದ್ದು, ಕೋಳಿಗಿಂತ ಮುಂಚೆ ಕೂಗುತ್ತಾಳೆ. ಹಬ್ಬಕ್ಕೆ ಮೂರು ದಿನವಿದೆ ಎನ್ನುವಾಗ ಬಂದು ಹೇಳುತ್ತಾಳೆ, ಅಕ್ಕಿ ನೆನೆಯಲು ಹೊತ್ತು ಬೇಡವೇ, ಪೈನ್ ಎಲೆ ಗುಡ್ಡದಿಂದ ತಾನಾಗಿ ನಡೆದು ಬರುತ್ತದೆಯೇ. ಯೇಸಾನ್‌ನವರಿಗೆ ಸೇಬು ತಿನ್ನುವುದು ಬಿಟ್ಟರೆ ಇನ್ನೇನು ಗೊತ್ತು. ಗಿಲ್ಸುನ್ ತಲೆ ತಗ್ಗಿಸಿ ಒಂದೊಂದು ಬೈಗುಳವನ್ನೂ ಆಶೀರ್ವಾದದಂತೆ ತೆಗೆದುಕೊಂಡಳು. ಒಳಗಿನಿಂದ ಅಕ್ಕಿ ಅಳೆಯುವ ಸದ್ದು ಆಗಲೇ ಕೇಳಿಸುತ್ತಿತ್ತು. ಒಕ್ಪುನ್ ಗಂಡನ ಬೈಗುಳ ಮುಗಿಯುವವರೆಗೆ ಕಾಯುವ ಪೈಕಿಯಲ್ಲ.

ಮರುದಿನ ಬೆಳಗ್ಗೆ ಮೈಕಿನಲ್ಲಿ ಬಂದದ್ದು ದಕ್ಬೆಯ ದನಿ. ಗಂಟಲು ಸರಿಮಾಡಿಕೊಳ್ಳುವುದಕ್ಕೇ ಒಂದು ನಿಮಿಷ ತೆಗೆದುಕೊಂಡ.

“ಪ್ಯೊ ದಕ್ಬೆ ಮನೇಲಿ ಹಬ್ಬದ ದಿನ ಆಳುಗಳು ಬೇಕಾಗಿದಾರೆ. ಒಬ್ಬಳು ಸಿಕ್ಕಿದಾಳೆ. ಗಿಡ್ಡಿ, ಅವಳೊಬ್ಬಳಿಂದ ಆಗಲ್ಲ.”

ಗಾಲ್ಮೊರಿಯ ನಗು ಆ ಬೆಳಗ್ಗೆ ಬಯಲು ದಾಟಿ ನನ್ನ ಗಿರಣಿಯ ತಗಡಿಗೂ ಬಡಿಯಿತು.

ಹಬ್ಬದ ದಿನ ಗಾಳಿಯಿರಲಿಲ್ಲ. ಕಿಟ್ಟದ ಧೂಳು ಕಾರಿನ ಬಣ್ಣ ತಿನ್ನುತ್ತದೆಂದು ಎಲ್ಲರೂ ಕಾರುಗಳಿಗೆ ಹಳೆಯ ಹೊದಿಕೆ ಹೊದಿಸಿದ್ದರು. ತಮ್ಮ ಮುಖಕ್ಕೆ ಕಟ್ಟಿಕೊಳ್ಳಲು ಮರೆತವರು ಮಧ್ಯಾಹ್ನದ ಹೊತ್ತಿಗೆ ಬೂದಿ ಬೆಕ್ಕುಗಳಂತಾಗಿದ್ದರು. ಗಿಲ್ಸುನ್ ಮೂಟೆ ಎತ್ತಲಾರಳು, ಆದರೆ ಬಾಯಿ ಹೊಲಿಗೆ ಬಿಚ್ಚುವುದರಲ್ಲಿ ಅವಳಷ್ಟು ಚುರುಕಾದವರು ಯಾರೂ ಇರಲಿಲ್ಲ. ದಕ್ಬೆ ಬದುವಿನ ಮೇಲೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹಳೆಯ ಕಾಲದ ಧಣಿಯಂತೆ ಓಡಾಡಿದ. ಪೂರ್ವಿಕರ ಗದ್ದೆಗೆ ಬಂದಾಗ ಮಾತ್ರ ಒಂದು ಗಳಿಗೆ ನಿಂತ. ಅದರ ಒಂದೊಂದು ಮೂಲೆಯನ್ನೂ ಅವನು ಹುಡುಗನಾಗಿದ್ದಾಗ ಎತ್ತು ಕಟ್ಟಿ ಉತ್ತಿದ್ದ. ಯಂತ್ರದವನಿಗೆ ಗಟ್ಟಿಯಾಗಿ ಕೂಗಿ, ಇಲ್ಲಿ ಇನ್ನೊಂದು ಸುತ್ತು ಹಾಕಯ್ಯಾ ಎಂದ. ವಿದ್ಯುತ್ ಕಂಬದ ಹತ್ತಿರದ ಮೂಲೆಗೆ ಯಂತ್ರ ತಿರುಗಲಿಲ್ಲ, ಅದು ಹಾಗೇ ಉಳಿಯಿತು.

ಸಂಜೆ ಅವನ ಅಂಗಳದಲ್ಲಿ ಚಾಪೆ ಹಾಸಿತ್ತು. ಧಣಿ ಕೊನೆಗೆ ಉಣ್ಣಬೇಕೆಂದು ಅವನು ಕೂರಲೇ ಇಲ್ಲ, ತಾನೇ ಬಡಿಸಿದ. ಗಿಲ್ಸುನ್‌ಗೆ ಎಣಿಸಿ ಅರವತ್ತೆಂಟು ಹಾಕಿದ. ಅವಳು ಹನ್ನೊಂದು ತಿಂದು ಉಳಿದದ್ದನ್ನು ಸೆರಗಿನಷ್ಟು ಅಗಲದ ಬಟ್ಟೆಯಲ್ಲಿ ಕಟ್ಟಿಕೊಂಡಳು. ಹೆಂಡದ ಎರಡನೇ ಬೋಗುಣಿ ಇಳಿದ ಮೇಲೆ ದಕ್ಬೆ ಎಲ್ಲರಿಗೂ ಎಚ್ಚರಿಕೆ ಕೊಟ್ಟ.

“ಇನ್ನು ಎರಡು ವಾರ ಯಾರೂ ಗೊಬ್ಬರ ಮುಟ್ಟಬಾರ್ದು. ಹೋದ ಸಲ ಯಾವನೋ ದಡ್ಡ ಎರಡನ್ನೂ ಒಟ್ಟಿಗೆ ಹಾಕ್ಸಿ ಸಾರ ಎಲ್ಲ ಗಾಳಿಗೆ ಬಿಟ್ಟ.”

“ಯಾರಪ್ಪಾ ಅದು?” ಎಂದು ಮೂಲೆಯಿಂದ ಒಬ್ಬ ಕೇಳಿದ.

“ಯಾರೋ ಆಗಿನ ಯಜಮಾನ. ನಂಗೆ ಅಷ್ಟು ಪರಿಚಯ ಇಲ್ಲ.”

ಆ ಬೇಸಿಗೆಯಲ್ಲಿ ಪೈರು ಒರಟಾಗಿ ಬೆಳೆಯಿತು. ಕಳೆ ಕೀಳಲು ಇಳಿದರೆ ಎಲೆಯ ಅಂಚು ಮುಂಗೈ ಗೀರುತ್ತಿತ್ತು. ಗಿಲ್ಸುನ್ ಗೀರುಗಳನ್ನು ಬಳೆಗಳಂತೆ ತೋರಿಸಿಕೊಂಡು ತಿರುಗಿದಳು. ಆದರೂ ತೆನೆ ತುಂಬಿದ ಮೇಲೆ ಪಶ್ಚಿಮದಲ್ಲಿ ಮೋಡ ಕಂಡರೆ ಅವಳ ಮಾತು ಕಡಿಮೆಯಾಗುತ್ತಿತ್ತು. ಶರತ್ಕಾಲದ ಹುಣ್ಣಿಮೆ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಬಿರುಗಾಳಿ ಬಂದೇ ಬಂತು. ಎರಡು ದಿನ ಮನೆಯ ಹೆಂಚು ಕುಣಿಯಿತು. ಅವಳು ಬಾಗಿಲು ಹಾಕಿಕೊಂಡು ಬೆಳ್ಳುಳ್ಳಿ ಸುಲಿದಳು. ಎರಡು ಮನೆಗಾಗುವಷ್ಟು ಸುಲಿದಳು. ಗಾಳಿ ನಿಂತ ಮೇಲೆ ಗದ್ದೆಗೆ ಹೋಗುವಾಗ ಬದುವಿನ ತಿರುವಿನವರೆಗೆ ನೆಲ ನೋಡಿಕೊಂಡೇ ನಡೆದಳು.

ಭತ್ತ ನಿಂತಿತ್ತು. ಮದುವೆ ಮನೆಯಲ್ಲಿ ಮೂರನೇ ಬೋಗುಣಿ ಕುಡಿದ ನೆಂಟರಂತೆ ಒಂದೇ ಕಡೆಗೆ ವಾಲಿಕೊಂಡು ನಿಂತಿತ್ತು, ಆದರೆ ಒಂದೂ ಮಲಗಿರಲಿಲ್ಲ. ಕಂಬದ ಹತ್ತಿರದ ಮೂಲೆ ಮಾತ್ರ ಚಾಪೆ ಹಾಸಿದಂತೆ ನೆಲಕ್ಕಂಟಿತ್ತು. ಗಿಲ್ಸುನ್ ಬದುವಿನ ಮೇಲೆ ಕೂತಳು. ಆಚೆ ಗದ್ದೆಯಿಂದ ದಕ್ಬೆ ಕೂಗಿ, ಭತ್ತ ಬಿದ್ದುಹೋಯ್ತಾ ಎಂದು ಕೇಳಿದ. ಇಲ್ಲ ಎಂದಳು. ಹಾಗಾದರೆ ಯಾಕೆ ಕೂತೆ, ಆಳಿಗೆ ಕೂರಲು ಯಾರು ಹೇಳಿದರು ಎಂದ.

ಕೊಯ್ಲಿಗೆ ಮುಂಚೆ ಇನ್ಜೆ ಅವರು ಬಂದರು. ಹೊಳೆಯುವ ಚರ್ಮದ ಬೂಟಿನಲ್ಲಿ ಬದುವಿನ ಉದ್ದಕ್ಕೂ ನಡೆದರು. ಗಿಲ್ಸುನ್ ಹಿಂದೆ ಹಿಂದೆ ನಡೆದಳು, ಏನೂ ಹೇಳಲಿಲ್ಲ; ಅವಳನ್ನು ಬಲ್ಲವರಿಗೆ ಅದು ಎಷ್ಟು ಕಷ್ಟವೆಂದು ಗೊತ್ತು. ಕಂಬದ ಹತ್ತಿರ ಅವರು ನಿಂತರು.

“ಈ ಮೂಲೆ ಯಾಕೆ ಹೀಗೆ?”

“ಅಲ್ಲಿಗೆ ಮಿಷನ್ನು ತಿರುಗ್ಲಿಲ್ಲ ಮಾವಯ್ಯ. ಕಿಟ್ಟ ಬಿದ್ದಿಲ್ಲ.”

ಇನ್ಜೆ ಅವರು ಬಿದ್ದ ಭತ್ತವನ್ನು ನೋಡಿದರು, ನಿಂತ ಭತ್ತವನ್ನು ನೋಡಿದರು. ಒಂದು ತೆನೆ ಕಿತ್ತು ಕಾಳು ಕಚ್ಚಿದರು.

“ಮುಂದಿನ ಸರದೀಲಿ ಆ ಮೂಲೆಗೆ ಕೈಯಲ್ಲೇ ಎರಚಿಬಿಡಮ್ಮ,” ಎಂದರು.

ಅಷ್ಟೇ ಹೇಳಿದ್ದು. ಮುಂದಿನ ಸರದಿಗೆ ಇನ್ನೂ ಎರಡೂವರೆ ವರ್ಷವಿತ್ತು. ಅವರ ಕಾರು ಗುಡ್ಡ ದಾಟಿ ಮರೆಯಾದ ಮೇಲೆ ಗಿಲ್ಸುನ್ ಆ ಮಾತನ್ನು ಗಟ್ಟಿಯಾಗಿ ಒಮ್ಮೆ ತಾನೇ ಹೇಳಿಕೊಂಡು, ಕುಡುಗೋಲು ತಂದು ಬಿದ್ದ ಮೂಲೆಯನ್ನು ಕೊಯ್ಯಲು ಕೂತಳು. ಹತ್ತನೇ ತಿಂಗಳಲ್ಲಿ ಎಡೆಗೆ ಇಟ್ಟದ್ದು ಆ ಗದ್ದೆಯದೇ ಅಕ್ಕಿಯ ರೊಟ್ಟಿ. ಉಳಿದ ತಟ್ಟೆಯೊಂದು ಗುಡ್ಡದಿಂದ ನೇರವಾಗಿ ದಕ್ಬೆಯ ಮನೆಗೆ ಹೋಯಿತು. ಅವನು ಉಪ್ಪು ಸಾಲದು ಎಂದನಂತೆ.

ಆ ಗದ್ದೆ ಬಯಲಿನ ತಲೆಯಲ್ಲಿದೆ. ಅದು ಪ್ಲಾಸ್ಟಿಕ್ಕಿನಡಿ ಹೋಗಿದ್ದರೆ ಅದರ ಕೆಳಗಿನವೂ ಒಂದೊಂದಾಗಿ ಹೋಗುತ್ತಿದ್ದವು. ಸ್ಟ್ರಾಬೆರಿಯನ್ನು ಯಾರೂ ಗಿರಣಿಗೆ ತರುವುದಿಲ್ಲ. ಈಗ ಕೊಯ್ಲು ಮುಗಿದ ಕೂಡಲೇ ಗಾಲ್ಮೊರಿಯ ಭತ್ತ ಮೊದಲಿನಂತೆ ನನ್ನ ಬಾಗಿಲಿಗೆ ಬರುತ್ತದೆ. ಗಿರಣಿ ಇನ್ನೂ ಓಡುತ್ತಿರುವುದು ಯಮ್ ಗಿಲ್ಸುನ್‌ಳಿಂದ, ಅದಕ್ಕೆ ನಾನು ಅವಳಿಗೆ ಋಣಿ.